ಅತ್ತಿಯ ಒಂದು ವಾಕ್ಯ, ನನ್ನ ಮೂರು ಅಧ್ಯಾಯ

ಮಂಗಳವಾರ, ಬಳ್ಳಾರಿ

ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಒಟ್ಟು 1189 ಅಧ್ಯಾಯಗಳಿವೆ. ವಾರದ ದಿನಗಳಲ್ಲಿ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಏಳು ವರ್ಷದಿಂದ ನಾನು ಈ ಲೆಕ್ಕ ತಪ್ಪಿಸಿಲ್ಲ. ತಪ್ಪಿಸಿಲ್ಲ ಅನ್ನುವುದನ್ನು ನಮ್ಮ ಮಹಿಳಾ ಕೂಟದಲ್ಲಿ ಹೇಳಿಕೊಳ್ಳದೆಯೂ ಬಿಟ್ಟಿಲ್ಲ. ಫೋನಿನಲ್ಲಿ ಓದಿದ್ದಕ್ಕೆ ಹಸಿರು ಗುರುತು ಬೀಳುತ್ತದೆ, ಆ ಗುರುತು ನೋಡಿದಾಗ ಮನಸ್ಸಿಗೆ ಆಗುವ ಹಿತವೇ ಬೇರೆ.

ನಮ್ಮ ಅತ್ತಿಯದು, ಯಜಮಾನರ ತಾಯಿಯದು, ಬೇರೆ ರೀತಿ. ಎಪ್ಪತ್ತೆಂಟು ವಯಸ್ಸು, ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ತೆಗೆಸಬೇಕು. ದೊಡ್ಡಕ್ಷರದ ಸತ್ಯವೇದವನ್ನು ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ಬಿಚ್ಚಿ, ಬೆರಳಿಟ್ಟು, ಒಂದು ವಾಕ್ಯ ಓದುತ್ತಾರೆ. ಒಂದೇ. ಆಮೇಲೆ ದಿನವಿಡೀ ರೊಟ್ಟಿ ಬಡಿಯುವಾಗ, ಕಾಳು ಆರಿಸುವಾಗ ಅದನ್ನೇ ಬಾಯಲ್ಲಿ ಆಡಿಸುತ್ತಿರುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಈ ಗುನುಗು ನನಗೆ ಎಷ್ಟು ಸಲ ಕಿರಿಕಿರಿ ಮಾಡಿದೆಯೋ ಕರ್ತನಿಗೇ ಗೊತ್ತು.

ಇಬ್ಬರೂ ಒಟ್ಟಿಗೆ ಹೊರಟದ್ದು ಎರಡು ಬೇರೆ ಕಾರಣಗಳಿಗೆ. ಮುಂದಿನ ತಿಂಗಳ ಕೂಟದಲ್ಲಿ ಕನ್ನಡ ಸತ್ಯವೇದ ಬಂದ ಬಗೆಯನ್ನು ಕುರಿತು ನಾನು ಮಾತಾಡಬೇಕಿತ್ತು. ಅದು ಹುಟ್ಟಿದ ಊರುಗಳನ್ನು ಒಮ್ಮೆ ಕಣ್ಣಿಂದ ನೋಡಿ ಬರೋಣ ಅನ್ನಿಸಿತು. ಅತ್ತಿಗೋ ಕೊಡಗಿನ ಆನಂದಪುರ ನೋಡಬೇಕಿತ್ತು. ಅವರ ಅಕ್ಕನನ್ನು ಆ ಕಡೆ ಕೊಟ್ಟಿದ್ದರು. ಅಕ್ಕ ತೀರಿಹೋಗಿ ಇಪ್ಪತ್ತೆರಡು ವರ್ಷ, ಆಗ ಮಣ್ಣಿಗೆ ಹೋಗಲು ಆಗಿರಲಿಲ್ಲ. "ಹ್ಯಾಂಗೂ ಹೊಂಟೀರಿ, ಅವ್ವನ್ನೂ ಕರ್ಕೊಂಡು ಹೋಗು" ಎಂದು ನಮ್ಮ ಯಜಮಾನರು ಸುಲಭವಾಗಿ ಹೇಳಿ ಆಫೀಸಿಗೆ ಹೋದರು.

ಹುಬ್ಬಳ್ಳಿಯಿಂದ ರೈಲು. ಗದಗ, ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲು ಬರುವಷ್ಟರಲ್ಲಿ ಕಿಟಕಿಯ ಸರಳಿಗೆ ಕೆಂಪು ಧೂಳು ಅಂಟಿತ್ತು. ಎದುರು ಕೂತ ಹೆಣ್ಣುಮಗಳು ಕೊಪ್ಪಳದಿಂದಲೂ ನಮ್ಮ ಹಣೆ ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು: "ಯಾಕ್ರೀ ಅಮ್ಮಾರ, ಕುಂಕುಮ ಹಚ್ಚಿಲ್ಲಲ್ಲ?" ಇಂಥ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. ನನ್ನ ನಂಬಿಕೆಯ ಸಾಕ್ಷಿ ಹೇಳಲು ಇದೊಂದು ಅವಕಾಶ ಎಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತಿ "ನಾವು ಯೇಸುಸ್ವಾಮಿ ಮಂದಿವಾ. ನಿನ್ನ ಕೂಸಿಗೆ ಯಾಕ ಮೈ ಬಿಸಿ ಐತಿ?" ಎಂದರು. ಕೂಸಿನ ಜ್ವರದ ಮಾತು ಬಳ್ಳಾರಿಯವರೆಗೂ ನಡೆಯಿತು. ನನ್ನ ಸಾಕ್ಷಿ ಗಂಟಲಲ್ಲೇ ಉಳಿಯಿತು.

ಬಳ್ಳಾರಿ ಯಾಕೆಂದರೆ, ಪೂರ್ತಿ ಕನ್ನಡ ಸತ್ಯವೇದ ಮೊದಲು ರೂಪುಗೊಂಡದ್ದು ಇಲ್ಲೇ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದರು. ಒಂದು ಬೀದಿಯಲ್ಲಿ ಕನ್ನಡ, ಮುಂದಿನ ಬೀದಿಯಲ್ಲಿ ತೆಲುಗು ಅನ್ನುವಂಥ ಊರು, ಮೇಲೆ ದಂಡಿನ ಇಂಗ್ಲಿಷು. ಇಂಗ್ಲಿಷರಿಗೆ ಕನ್ನಡ ಕಲಿಸುವ ಅಚ್ಚಾದ ವ್ಯಾಕರಣವೂ ಆಗ ಇರಲಿಲ್ಲ. ವಿಲಿಯಂ ಕೇರಿಯವರದು ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾದದ್ದೇ 1817ರಲ್ಲಿ. ಪಂಡಿತರ ಮುಂದೆ ಕೂತು, ಒಂದೊಂದು ಶಬ್ದಕ್ಕೂ ಕಿವಿ ಕೊಟ್ಟು ಕಲಿಯಬೇಕಾಗಿತ್ತು. ಜೊತೆಗಿದ್ದ ವಿಲಿಯಂ ರೀವ್ ನಿಘಂಟು ಕಟ್ಟಿದರು. ಪೂರ್ತಿ ಸತ್ಯವೇದ ಕನ್ನಡದಲ್ಲಿ ಆದದ್ದು 1831ರಲ್ಲಿ.

ನಾವು ನೋಡಬೇಕೆಂದಿದ್ದ ಹಳೇ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬೀಗ. ಬೀಗದ ಕೈ ಇದ್ದವರು ಮದುವೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಬಿಸಿಲು ಫೆಬ್ರುವರಿಯಲ್ಲೇ ಬಳ್ಳಾರಿಯ ಹೆಸರು ಉಳಿಸುತ್ತಿತ್ತು. ಬೇವಿನ ಮರದ ಕೆಳಗೆ ಕೂತು ನಾನು ಸಿಟ್ಟಿನಲ್ಲೇ ಅಡ್ಡಲೆಕ್ಕ ಹಾಕಿದೆ. 1810ರಿಂದ 1831, ಇಪ್ಪತ್ತೊಂದು ವರ್ಷ. 1189 ಅಧ್ಯಾಯಕ್ಕೆ ಭಾಗಿಸಿದರೆ ವಾರಕ್ಕೊಂದು ಅಧ್ಯಾಯ, ಹೆಚ್ಚುಕಡಿಮೆ. ಈ ಲೆಕ್ಕ ಕೂಟದಲ್ಲಿ ಹೇಳಿದರೆ ಚೆನ್ನಾಗಿರುತ್ತದೆ ಎಂದು ಬರೆದುಕೊಂಡೆ. ಬರೆದುಕೊಂಡ ಮೇಲೆ ಅದು ನನ್ನತ್ತಲೇ ನೋಡಿದ ಹಾಗಾಯಿತು. ಅವರು ಒಂದು ವಾರ ಕಾದು ತಂದದ್ದನ್ನು ನಾನು ಕುಕ್ಕರ್ ಮೂರನೇ ಸೀಟಿ ಹೊಡೆಯುವುದರೊಳಗೆ ಮುಗಿಸುತ್ತೇನೆ.

ಅತ್ತಿ ಅಷ್ಟರಲ್ಲಿ ಗಾಡಿಯವನ ಹತ್ತಿರ ವಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. "ಬೀಗ ಇದ್ರ ಇರಲಿ. ಒಳಗ ಇರೋದು ಬೆಂಚು, ಕುರ್ಚಿ. ತಿನ್ನು, ಬಿಸಿ ಐತಿ."

ಬುಧವಾರ, ಗದಗ-ಬೆಟಗೇರಿ

ಬೆಟಗೇರಿ ಅತ್ತಿಯ ತವರು. ಮಗ್ಗದ ಸದ್ದು ಅವರ ಕಾಲದಷ್ಟು ಇಲ್ಲ, ಆದರೆ ಕೆಲವು ಓಣಿಗಳಲ್ಲಿ ಇನ್ನೂ ಇದೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸಂಸ್ಥೆ, ಮಿಷನರಿಗಳು ಹೆಚ್ಚಾಗಿ ಜರ್ಮನರು) ಕಾಲದ ಆಸ್ಪತ್ರೆಗೆ ಇಂದಿಗೂ ಜನ ಜರ್ಮನ್ ದವಾಖಾನಿ ಅಂತಲೇ ಅನ್ನುತ್ತಾರೆ. ಜರ್ಮನರು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಹೋಗಿಲ್ಲ. ಅತ್ತಿಯ ತಮ್ಮನ ಮನೆಯಲ್ಲಿ ಉಳಿದೆವು. ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಊಟದ ಮೊದಲು ಮಾವನವರ ಪ್ರಾರ್ಥನೆ. ರೊಟ್ಟಿ ಆರುವಷ್ಟು ಉದ್ದದ ಪ್ರಾರ್ಥನೆ ಅದು. ಹಳೇ ಮಂದಿ, ಏನೂ ಅನ್ನುವ ಹಾಗಿಲ್ಲ.

ಸಂಜೆಗೆ ಮಲ್ಲಸಮುದ್ರದ ಕಡೆ ಆಟೋದಲ್ಲಿ ಹೋದೆವು. 1840ರ ದಶಕದಲ್ಲಿ ಬಾಸೆಲ್ ಮಿಷನರಿಗಳು ಅಲ್ಲೊಂದು ಬೇಸಾಯದ ವಸಾಹತು ಮಾಡಲು ಹೊರಟಿದ್ದರು. ಹೊಸ ವಿಶ್ವಾಸಿಗಳು ಬಂದು ನೆಲೆಸುತ್ತಾರೆ, ಹೊಲ ಉಳುತ್ತಾರೆ, ಸುತ್ತಲ ಜನ ಗುಂಪುಗುಂಪಾಗಿ ಕರ್ತನ ಕಡೆ ಬರುತ್ತಾರೆ ಎಂಬ ಎಣಿಕೆ. ಹಾಗಾಗಲಿಲ್ಲ. ಜನ ಬರಲಿಲ್ಲ, ಕೊನೆಗೆ ಕೈಬಿಟ್ಟರು. ನಮ್ಮ ಸಭೆಯ ಸಮಾರಂಭಗಳಲ್ಲಿ ಶಾಲೆ, ಆಸ್ಪತ್ರೆ, ಮುದ್ರಣಾಲಯದ ಸಂಗತಿ ಮತ್ತೆ ಮತ್ತೆ ಬರುತ್ತದೆ. ಮಲ್ಲಸಮುದ್ರದ ಹೆಸರು ನಾನು ಒಮ್ಮೆಯೂ ಕೇಳಿರಲಿಲ್ಲ. ಪ್ರಾರ್ಥನೆ ಮಾಡಿ, ಬೆವರು ಸುರಿಸಿ ಸೋತವರು ನಮ್ಮ ಹಿರಿಯರಲ್ಲಿ ಇದ್ದರು ಎಂದು ಹೇಳಲು ಯಾಕೆ ಸಂಕೋಚವೋ ತಿಳಿಯದು. ಸತ್ಯವೇದಕ್ಕಂತೂ ಆ ಸಂಕೋಚವಿಲ್ಲ. ಪ್ರವಾದಿ ಯೆರೆಮೀಯನ ಮಾತನ್ನು ಎಷ್ಟು ಜನ ಕೇಳಿದರು?

ನೋಡಲು ಅಲ್ಲಿ ನನಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಕುರಿ ಹಿಂಡು. ಕಡಲೆ ಕಿತ್ತ ಎರೆಹೊಲ, ಅದರಲ್ಲಿ ಮುನ್ನೂರರ ಹತ್ತಿರ ಕುರಿ. ರಾತ್ರಿ ಕುರಿಗಳನ್ನು ಹೊಲದಲ್ಲಿ ತರುಬಿದರೆ ಅವುಗಳ ಹಿಕ್ಕೆಯೇ ಗೊಬ್ಬರ. ಹೊಲದವರು ಅದಕ್ಕಾಗಿ ಕುರುಬರಿಗೆ ಕಾಳು, ದುಡ್ಡು ಕೊಡುತ್ತಾರೆ. ಒಂದು ಕಂಬಳಿ, ಒಂದು ಕುದುರೆ, ಬಲೆ, ಎರಡು ನಾಯಿ, ಅದೇ ಸಂಸಾರ. ಅತ್ತಿಯ ಆ ದಿನದ ವಾಕ್ಯ ಇಪ್ಪತ್ಮೂರನೇ ಕೀರ್ತನೆಯ ಮೊದಲನೆಯದಾಗಿತ್ತು: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಹೊಸ ಅನುವಾದಗಳಲ್ಲಿ ಕುರಿಗಾಹಿ ಎಂದು ಇರುವುದುಂಟು. ನನಗೆ ಅದೇ ಹಿಡಿಸುತ್ತಿತ್ತು, ಸ್ವಲ್ಪ ಪುಸ್ತಕದ ಗಾಂಭೀರ್ಯ ಇದೆಯಲ್ಲ ಎಂದು. ಹಳೇ ಅನುವಾದ ಮಾಡಿದವರು ಹುಡುಕಿದ್ದು ಗಾಂಭೀರ್ಯವನ್ನಲ್ಲ ಎಂದು ಈ ಎರೆಹೊಲದ ಬದುವಿನಲ್ಲಿ ನಿಂತಾಗ ಅನ್ನಿಸಿತು. ಅವರ ಮುಂದೆ ಓಡಾಡುತ್ತಿದ್ದವನು ಕುರುಬ. ಅವನ ಮೈಗೆ ಕುರಿ ವಾಸನೆ ಇತ್ತು, ಆ ಶಬ್ದಕ್ಕೂ ಇದೆ.

ಅತ್ತಿ ಸೀದಾ ಹೋಗಿ ಕೇಳಿದರು: "ಯಾವೂರಪಾ?"

"ಚಿಕ್ಕೋಡಿ ಕಡೀರಿ, ಎಮ್ಮಾ. ದೀಪಾವಳಿ ಮುಗಿಸಿ ಬಂದೇವಿ. ಮಳಿಗಾಲಕ್ಕ ಹೋಗೋದು."

"ಮನಿ ಕಡೆ ಎಲ್ಲಾ ಅರಾಮ?"

"ಅರಾಮ ಅಂತಾರ್ರಿ ಫೋನ್ಯಾಗ. ಮಗಳು ಹಡದು ತಿಂಗಳಾತು. ಕೂಸಿನ ಮುಖ ನೋಡಿಲ್ಲ. ಕುರಿ ಬಿಟ್ಟು ಹ್ಯಾಂಗ ಹೋಗ್ಲಿ?"

ಅತ್ತಿ ಸೆರಗಿನ ಗಂಟಿನಿಂದ ಐವತ್ತು ರೂಪಾಯಿ ತೆಗೆದು "ಕೂಸಿಗೆ" ಎಂದು ಕೊಟ್ಟರು. ಅವನು ಬೇಡವೆಂದ, ಇವರು ಬಿಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, ನಿದ್ದೆ ಬಂದಿದೆ ಎಂದು ನಾನು ಅಂದುಕೊಂಡಿರುವಾಗ, ಕತ್ತಲಲ್ಲಿ ಅವರ ಮಾತು ಕೇಳಿತು. "ಕೊರತಿ ಕುರುಬಗ ಐತಿ ನೋಡು. ಕುರಿಗಿಲ್ಲ."

ಆ ಕೀರ್ತನೆ ನನಗೆ ಬಾಯಿಪಾಠವಾದದ್ದು ನಾನು ಐದನೇ ವಯಸ್ಸಿನಲ್ಲಿ ಭಾನುವಾರದ ಶಾಲೆಯಲ್ಲಿದ್ದಾಗ. ಅದರ ಮೇಲೆ ನಾಲ್ಕು ಸಲ ಸಂದೇಶ ಕೊಟ್ಟಿದ್ದೇನೆ.

ಗುರುವಾರ, ಧಾರವಾಡ

ಬಟ್ಟೆ ಒಗೆಯಲು, ಔಷಧಿ ತೆಗೆದುಕೊಳ್ಳಲು ಒಂದು ದಿನ ಮನೆ. ಕಿಟೆಲ್ ಕಾಲೇಜಿನ ಫಲಕದ ಮುಂದೆ ಇಷ್ಟು ವರ್ಷ ದಿನಾ ಓಡಾಡಿದವಳು ನಾನು. ಈ ಹೊತ್ತು ನಿಂತು ಓದಿದೆ. ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ ಬಾಸೆಲ್ ಮಿಷನರಿ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832, ಈ ದೇಶಕ್ಕೆ ಬಂದದ್ದು 1853. ಇಪ್ಪತ್ತೊಂದು ವರ್ಷದ ಹುಡುಗ. ನನ್ನ ಮಗನಿಗೆ ಈಗ ಅದೇ ವಯಸ್ಸು, ಬೆಂಗಳೂರಿನಿಂದ ಧಾರವಾಡಕ್ಕೆ ಬರಲೂ ಅವನಿಗೆ ಪುರುಸೊತ್ತಿಲ್ಲ.

ರಾತ್ರಿ ಬಸ್ಸು ಒಂದೂವರೆ ತಾಸು ತಡ. ನಿಲ್ದಾಣದ ಬೆಂಚಿನ ಮೇಲೆ ಆ ದಿನದ ಮೂರು ಅಧ್ಯಾಯ ಮುಗಿಸಲು ಕೂತೆ. ಸತ್ಯವೇದದ ಅರಣ್ಯಕಾಂಡ, 31ರಿಂದ 33. ಮೂವತ್ತಮೂರನೆಯದು ಏನೆಂದರೆ, ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಇಳಿದುಕೊಂಡ ಸ್ಥಳಗಳ ಪಟ್ಟಿ. ಅಲ್ಲಿಂದ ಹೊರಟು ಇಲ್ಲಿ ಇಳಿದುಕೊಂಡರು, ಇಲ್ಲಿಂದ ಹೊರಟು ಅಲ್ಲಿ ಇಳಿದುಕೊಂಡರು, ನಲವತ್ತು ಊರು. ಪ್ರತಿ ವರ್ಷ ಹೆಬ್ಬೆರಳಿನಿಂದ ಸರ್ರನೆ ಮೇಲೆ ತಳ್ಳಿ ದಾಟುತ್ತಿದ್ದ ಅಧ್ಯಾಯ. ಈ ಸಲವೂ ತಳ್ಳುತ್ತಿದ್ದೆ.

"ಜೋರಾಗಿ ಓದು, ನಂಗೂ ಕೇಳ್ಸಲಿ" ಎಂದರು ಅತ್ತಿ.

ಓದಿದೆ. ಮಾರಾದಿಂದ ಹೊರಟು ಏಲೀಮಿಗೆ ಬಂದರು, ಅಲ್ಲಿ ಹನ್ನೆರಡು ನೀರಿನ ಒರತೆಗಳೂ ಎಪ್ಪತ್ತು ಖರ್ಜೂರದ ಮರಗಳೂ ಇದ್ದವು.

"ನಿಲ್ಲು. ಎಪ್ಪತ್ತು ಅಂತ ಎಣಿಸಿದವರ‍್ಯಾರು?"

"ಮೋಶೆ ಬರೆದಿದ್ದಾನಲ್ಲ, ಅತ್ತಿ."

"ಬರದಾವ ಅವನು. ಎಣಿಸಿದಾವರು ನೀರಡಿಸಿದ ಮಂದಿ. ಮೂರು ದಿನ ನೀರಿಲ್ಲದ ನಡದು, ಸಿಕ್ಕ ನೀರು ಕಹಿ ಆಗಿ, ಆಮ್ಯಾಲ ಏಲೀಮಿಗೆ ಬಂದ್ರ ಯಾರಾದ್ರೂ ಒಂದೊಂದು ಒರತಿನೂ ಎಣಿಸ್ತಾರ." ಸ್ವಲ್ಪ ಹೊತ್ತು ಬಿಟ್ಟು, "ಮುಂದ?" ಎಂದರು.

ಬಸ್ಸು ಬರುವವರೆಗೆ ನಲವತ್ತು ಊರನ್ನೂ ಓದಿಸಿದರು. ಕೆಲವು ಹೆಸರು ನಾಲಿಗೆಗೆ ಹತ್ತಲಿಲ್ಲ. ಪಕ್ಕದಲ್ಲಿ ಕಾಯುತ್ತಿದ್ದ ಶಿರಸಿಯ ಮುದುಕರೊಬ್ಬರು ಇದು ಯಾವ ಮಾರ್ಗದ ಬಸ್ಸಿನ ವೇಳಾಪಟ್ಟಿ ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ.

ಶುಕ್ರವಾರ, ಮಂಗಳೂರು

ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಅತ್ತಿಯ ಪಾದ ಊದಿತ್ತು. ಉಪ್ಪುನೀರಿನ ಗಾಳಿ, ಬೆವರು. ಬಲ್ಮಠದ ಗುಡ್ಡ ಹತ್ತಲು ಆಟೋ ಮಾಡಿದೆವು. ಪರಿಚಯದವರು ಗೊತ್ತುಮಾಡಿದ್ದ ನಿವೃತ್ತ ಹಿರಿಯರೊಬ್ಬರು ಶಾಂತಿ ಕೆಥೆಡ್ರಲ್ಲಿನ ಮುಂದೆ ಕಾಯುತ್ತಿದ್ದರು. "ವಂದನೆ ಅಮ್ಮ. ಬಸ್ಸು ಲೇಟಂತಲ್ಲ? ಮೊದಲು ಚಾ ಕುಡಿಯುವ, ಮತ್ತೆ ನೋಡುವ" ಎಂದರು.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದ ಮೇಲೆ ಹೆರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು, ಅದಕ್ಕೇ ಆ ದಿನ ಪತ್ರಿಕಾ ದಿನಾಚರಣೆ. ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಮಂಗಳವಾರ ನಾನು ಸಿಡುಕುತ್ತಾ ಕೂತಿದ್ದ ಅದೇ ಬಳ್ಳಾರಿ.

ಪತ್ರಿಕೆಗಿಂತ ನನ್ನನ್ನು ಕಲಕಿದ್ದು ಇನ್ನೊಂದು ಕೆಲಸ. 1848ರಿಂದ ಮುಂದಿನ ಐದಾರು ವರ್ಷ ಮೊಗ್ಲಿಂಗ್ ಕನ್ನಡದ ಹಳೆಯ ಕೃತಿಗಳನ್ನು ಸಾಲಾಗಿ ಅಚ್ಚುಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ಯೇಸುವನ್ನು ಸಾರಲು ಬಂದ ಮನುಷ್ಯ ಪುರಂದರದಾಸರನ್ನು ಅಚ್ಚು ಮಾಡಿಸಿದ್ದು! ನಮ್ಮ ಕೂಟದಲ್ಲಿ ದಾಸರ ಪದ ರೇಡಿಯೋದಲ್ಲಿ ಬಂದರೆ ಬಂದ್ ಮಾಡಬೇಕು ಅನ್ನುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಹಾಗೇ ಮಾಡುತ್ತಿದ್ದೆ. ಮೊಗ್ಲಿಂಗರನ್ನು ಈಗಿನ ಕಾಲದ ಉದಾರಿಯನ್ನಾಗಿ ಮಾಡಲು ನಾನು ಹೊರಟಿಲ್ಲ. ಅವರ ಕಾಲದ ಮಿಷನರಿಗಳು ಇಲ್ಲಿನ ನಂಬಿಕೆಗಳ ಬಗ್ಗೆ ಬರೆದ ಕರಪತ್ರಗಳಲ್ಲಿ ಕಟುಮಾತಿಗೇನೂ ಬರವಿಲ್ಲ, ಓದಿದರೆ ಈಗ ಮುಜುಗರವಾಗುತ್ತದೆ. ಆದರೂ ಎದುರಿನವರು ಏನು ಹಾಡುತ್ತಾರೆ ಎಂದು ಅವರು ಪೂರ್ತಿ ಕೇಳಿಸಿಕೊಂಡಿದ್ದರು. ನಾನು ರೈಲಿನಲ್ಲಿ ಆ ಹೆಣ್ಣುಮಗಳ ಕೂಸಿನ ಮುಖವನ್ನೂ ನೋಡಿರಲಿಲ್ಲ.

ಹಿರಿಯರು ಥಿಯೋಲಾಜಿಕಲ್ ಕಾಲೇಜಿನ ಹಳೆಯ ಪುಸ್ತಕಗಳತ್ತ ಕರೆದೊಯ್ದರು. 1894ರ ಕಿಟೆಲ್ ನಿಘಂಟು ಮೇಜಿನ ಮೇಲೆ ಬಂತು. ಎಪ್ಪತ್ತು ಸಾವಿರ ಶಬ್ದ, ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಒಂದು ಮಗುವನ್ನು ಎತ್ತಿಕೊಂಡಷ್ಟು ಭಾರ. ಶಬ್ದದ ಕೆಳಗೆ ಬರೀ ಅರ್ಥವಲ್ಲ, ಕಾವ್ಯದ ಸಾಲು, ಗಾದೆ, ಆಡುಮಾತು ಎಲ್ಲ ಇದೆ. ಸಂತೆಯಲ್ಲಿ, ಹೊಲದಲ್ಲಿ ಕೇಳಿದ್ದಕ್ಕೂ ಪಂಡಿತರ ಓಲೆಯಲ್ಲಿ ಇದ್ದದ್ದಕ್ಕೂ ಒಂದೇ ಪಂಕ್ತಿ.

"ಅತ್ತಿ ಅನ್ನೋದು ಐತೇನು ನೋಡು" ಎಂದರು ಅತ್ತಿ.

ನೋಡಿದೆ. ಅತ್ತಿ ಅಂದರೆ ಅತ್ತಿಮರ. ಗಂಡನ ತಾಯಿ ಬೇಕಿದ್ದರೆ 'ಅತ್ತೆ'ಯವರೆಗೆ ಹೋಗಬೇಕು. ಹೇಳಿದೆ. "ಮರ ಆದ್ರೂ ಛಲೋನ" ಎಂದು ನಕ್ಕರು. ಹಿರಿಯರೂ ನಕ್ಕರು. ಬಹಳ ದಿನಗಳ ಮೇಲೆ ನಾವು ಒಟ್ಟಿಗೆ ನಕ್ಕದ್ದು ಅದು.

ಮಧ್ಯಾಹ್ನ ಮೀನೂಟ. ಆಮೇಲೆ ಜೆಪ್ಪು ಕಡೆ, ನೇತ್ರಾವತಿಯ ದಂಡೆ. ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹೆಂಚು ಎಂದು ದೇಶವೆಲ್ಲ ಹೋಯಿತು. ಬಲ್ಮಠದ ನೇಯ್ಗೆ ಶಾಲೆಯಲ್ಲಿ ಮಿಷನ್ನಿನ ಹಾಲರ್ ಖಾಕಿ ಬಣ್ಣ ಕಂಡುಹಿಡಿದರು ಅನ್ನುವುದೂ ಇದೇ ಪರಂಪರೆಯ ಕತೆ. ಇದೆಲ್ಲ ಶುರುವಾದದ್ದಕ್ಕೆ ಕಾರಣ ಒಂದೇ: ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನಿಗೆ ಮನೆ ಹೋಗುತ್ತಿತ್ತು, ಕುಲದ ಕಸುಬು ಹೋಗುತ್ತಿತ್ತು, ಊಟಕ್ಕೆ ದಾರಿ ಬೇಕಿತ್ತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಗೆಳೆಯರಿಬ್ಬರ ಜೊತೆ ದೀಕ್ಷಾಸ್ನಾನ ಪಡೆದಾಗ ಮಂಗಳೂರೇ ಎದ್ದು ಕೂತಿತ್ತು. ಅವರು ಬಾಸೆಲಿಗೆ ಹೋಗಿ ಓದಿ ಪಾಸ್ಟರಾಗಿ ಹಿಂದಿರುಗಿದರು. ಎಲ್ಲರಿಗೂ ಹಾಗೆ ಬಾಸೆಲ್ ಸಿಗಲಿಲ್ಲ, ಹಲವರಿಗೆ ಸಿಕ್ಕಿದ್ದು ಹೆಂಚಿನ ಜೇಡಿಮಣ್ಣು.

"ನನ್ನ ಅಜ್ಜನೂ ಕಾರ್ಖಾನೆಯಲ್ಲೇ ಇದ್ದದ್ದು" ಎಂದರು ಹಿರಿಯರು. "ಕೆಲಸ ಕೊಟ್ಟವರೂ ಅವರೇ, ಮನೆ ಕೊಟ್ಟವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ. ಆರಾಧನೆಗೆ ಬಾರದಿದ್ದರೆ ಸೋಮವಾರ ಗೊತ್ತಾಗ್ತಿತ್ತು. ಭಕ್ತಿ ಎಷ್ಟು, ಭಯ ಎಷ್ಟು, ಅಜ್ಜನಿಗೇ ಗೊತ್ತಿತ್ತೋ ಇಲ್ಲವೋ."

ಇದನ್ನು ಕೂಟದಲ್ಲಿ ಹೇಳಬೇಕೋ ಬೇಡವೋ ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಹೇಳುತ್ತೇನೆ ಅನ್ನಿಸುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟಿತು. ಸಂಬಳದ ಕೈ ಹೋಯಿತು. ಆದರೂ ಸಭೆ ಉಳಿಯಿತು. ಹಿರಿಯರ ಅಜ್ಜನೂ ಉಳಿದರಂತೆ, ಅದೇ ಬೆಂಚಿನಲ್ಲಿ, ಸಾಯುವವರೆಗೆ.

ಶನಿವಾರ, ಸಂಪಾಜೆ ಘಾಟಿ

ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಅತ್ತಿಗಾದದ್ದು ವಾಂತಿ, ನನಗಾದದ್ದು ಜಗಳ. ಜಗಳ ಕಂಡಕ್ಟರ್ ಜೊತೆಯಲ್ಲ, ಅತ್ತಿಯ ಜೊತೆ. ಉಪ್ಪಿನಕಾಯಿ ಡಬ್ಬಿ ಚೀಲದಲ್ಲಿ ಸೋರಿ ನನ್ನ ಟಿಪ್ಪಣಿ ಪುಸ್ತಕದ ಅರ್ಧ ಪುಟಗಳಿಗೆ ಎಣ್ಣೆ ಹತ್ತಿತ್ತು. ಬೇಡವೆಂದರೂ ಅದನ್ನು ತಂದವರು ಅವರೇ. ತಿರುವಿನಲ್ಲಿ ನಾಲ್ಕು ಮಾತು ಜೋರಾಗಿಯೇ ಅಂದೆ. ಅವರು ನಿಂಬೆಹಣ್ಣು ಮೂಸುತ್ತಾ ಸುಮ್ಮನಿದ್ದರು. ಮಡಿಕೇರಿಯಲ್ಲಿ ಚಳಿ. ಕ್ಷಮಿಸಿ ಅನ್ನುವ ಬದಲು ಎರಡು ಹೊದಿಕೆಯನ್ನೂ ಅವರಿಗೇ ಹೊದಿಸಿದೆ. ನಮ್ಮ ಮನೆಯಲ್ಲಿ ಕ್ಷಮೆ ಹೀಗೇ ನಡೆಯುವುದು. ಸತ್ಯವೇದದ ಪ್ರಕಾರ ಇದು ಸಾಲದು ಎಂದು ಗೊತ್ತು.

ಭಾನುವಾರ, ಆನಂದಪುರ

ಸಿದ್ದಾಪುರದ ಬಸ್ಸಿನಲ್ಲಿ ಕಿಟಕಿ ತೆರೆದರೆ ಕಾಫಿ ಹೂವಿನ ಪರಿಮಳ. ನೀರು ಹಾಯಿಸಿದ ತೋಟಗಳಲ್ಲಿ ಗಿಡವೆಲ್ಲ ಬೆಳ್ಳಗೆ. ನೀರು ಕಾಣದ ತೋಟಗಳಲ್ಲಿ ಮೊಗ್ಗು ಇನ್ನೂ ಮಳೆಗೆ ಕಾಯುತ್ತಿತ್ತು.

1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ಬಂದರು. ದೀಕ್ಷಾಸ್ನಾನ ಪಡೆದ ಕೊಡವರೊಬ್ಬರು, ಸ್ತೆಫನ ಸೋಮಯ್ಯ, ಅವರಿಗೆ ನೆಲೆ ಕೊಟ್ಟರು. ಗದ್ದೆಗಳಲ್ಲಿ ತಲೆತಲಾಂತರದಿಂದ ಆಳಾಗಿ ದುಡಿಯುತ್ತಿದ್ದ ಹೊಲೆಯರ ಕುಟುಂಬಗಳು ಬಂದು ಸೇರಿದವು. ಹಾಗೆ ಆದ ಊರು ಆನಂದಪುರ. ಮಲ್ಲಸಮುದ್ರದಲ್ಲಿ ಆಗದ್ದು ಇಲ್ಲಿ, ಬೇರೆ ಜನರ ನಡುವೆ, ಎಣಿಸದ ರೀತಿಯಲ್ಲಿ ಆಯಿತು. 1860ರಲ್ಲಿ ಹೆಂಡತಿಯ ಕಾಯಿಲೆಯ ಕಾರಣ ಮೊಗ್ಲಿಂಗ್ ಜರ್ಮನಿಗೆ ಹೋದರು, ಮತ್ತೆ ಬರಲಿಲ್ಲ. ಊರು ಮಾತ್ರ ಹಾಗೇ ಇದೆ.

ಆರಾಧನೆ ಒಂಬತ್ತೂವರೆಗೆ. ಧಾರವಾಡದಿಂದ ಬಂದವರೆಂದು ಪಾಸ್ಟರು "ಎರಡು ಮಾತು ಹೇಳಿ ಅಮ್ಮ" ಎಂದರು. ಎರಡು ಮಾತು! ನನ್ನ ಹತ್ತಿರ ಎಣ್ಣೆ ಹತ್ತಿದ ಇಪ್ಪತ್ತು ಪುಟಗಳಿದ್ದವು. ಹ್ಯಾಂಡ್ಸ್, ರೀವ್, ಕಿಟೆಲ್, ಕುರುಬ, ಹೆಂಚು, ಎಲ್ಲವನ್ನೂ ಸೇರಿಸಿ ಎಂಟು ವಾಕ್ಯ ಉದಾಹರಿಸಿ ಅರ್ಧ ತಾಸು ಮಾತಾಡಿದೆ. ಮುಂದಿನ ಬೆಂಚಿನ ಮಗು ಮಲಗಿತು. ಅದರ ತಾಯಿಯೂ ತೂಗುತ್ತಿದ್ದರು. ಅತ್ತಿ ಎರಡು ಸಲ ಕೆಮ್ಮಿದರು. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಆರಾಧನೆ ಮುಗಿದ ಮೇಲೆ ಸಮಾಧಿಗಳ ಕಡೆ ಹೋದೆವು. ಅಕ್ಕನ ಹೆಸರು ಹುಡುಕಲು ಹೊತ್ತು ಹಿಡಿಯಿತು. ಕಲ್ಲಿನ ಮೇಲೆ ಪಾಚಿ. ಅತ್ತಿ ಸೆರಗಿನಿಂದ ಒರೆಸಿದರು, ಅಕ್ಷರಗಳ ಮೇಲೆ ಬೆರಳಾಡಿಸಿದರು, ಬೆಳಿಗ್ಗೆ ಸತ್ಯವೇದದ ಮೇಲೆ ಆಡಿಸುವ ಹಾಗೆಯೇ. ಅಳಲಿಲ್ಲ. "ಅಕ್ಕಾ, ಬಂದೆ ನೋಡವಾ" ಎಂದರು. ಆಮೇಲೆ ಬೆಟಗೇರಿಯ ಸುದ್ದಿಯನ್ನೆಲ್ಲ, ಯಾರು ಸತ್ತರು, ಯಾರಿಗೆ ಮೊಮ್ಮಕ್ಕಳಾದವು, ಯಾವ ಮನೆ ಮಾರಿತು, ಒಂದೊಂದಾಗಿ ಹೇಳಿದರು. ನಾನು ದೂರ ನಿಂತೆ.

ಹೊರಗೆ ಬರುವಾಗ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ತಡೆದರು. ತೋಟದ ಕೆಲಸದವರು, ಬೆರಳ ತುದಿಗಳು ಒಳ್ಳೆಮೆಣಸು ಬಿಡಿಸಿ ಕಪ್ಪಾಗಿದ್ದವು. "ಅಮ್ಮ, ನೀವು ಬೇಸರ ಮಾಡಬೇಡಿ ಅಂತ ಒಂದು ವಾಕ್ಯ ಹೇಳಿದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ. ನಂಗೆ ಓದಕ್ಕೆ ಬರೋದಿಲ್ಲ."

"ಗಲಾತ್ಯ ಆರು, ಒಂಬತ್ತು" ಎಂದೆ ತಟ್ಟನೆ.

"ಅದು ನಂಬರು ಅಲ್ವಾ ಅಮ್ಮ. ಮಾತು ಹೇಳಿ."

ಬಾಯಿ ತೆರೆದೆ. ಒಳ್ಳೇದನ್ನು ಮಾಡುವದರಲ್ಲಿ... ಮುಂದಿನದು ಬರಲಿಲ್ಲ. ಏಳು ವರ್ಷ, ಏಳು ಸಲ ಓದಿದ ವಾಕ್ಯ. ಗಂಟೆಯ ಹಿಂದೆ ಫೋನು ನೋಡಿ ಓದಿ ಹೇಳಿದ್ದೆ. ಫೋನು ತೆಗೆದರೆ ಚಾರ್ಜು ಮುಗಿದಿತ್ತು. ಪುಸ್ತಕದಲ್ಲಿ ಹುಡುಕಿದರೆ ಆ ಪುಟವೇ ಎಣ್ಣೆಗೆ ಅಂಟಿಕೊಂಡಿತ್ತು.

ಅತ್ತಿ ಆಕೆಯ ಕೈ ಹಿಡಿದುಕೊಂಡರು. "ಹೇಳ್ತೀನಿ, ನನ್ನ ಹಿಂದ ಅನ್ನು. ಒಳ್ಳೇದನ್ನು ಮಾಡುವದರಲ್ಲಿ ಬೇಸರಗೊಳ್ಳದೆ ಇರೋಣ."

"ಬೇಸರಗೊಳ್ಳದೆ ಇರೋಣ."

"ಮನಗುಂದದಿದ್ದರೆ ತಕ್ಕ ಸಮಯದಲ್ಲಿ ಬೆಳೆಯನ್ನು ಕೊಯ್ಯುವೆವು."

ಆಕೆಗೆ 'ಮನಗುಂದದಿದ್ದರೆ' ಬಾಯಿಗೆ ಬರಲಿಲ್ಲ. ಅತ್ತಿ ಬಿಡಿಸಿ ಹೇಳಿದರು, ಮನ, ಕುಂದದಿದ್ದರೆ. ಮತ್ತೆ, ಮತ್ತೆ. ಮೂರನೇ ಸಲಕ್ಕೆ ನಾನೂ ಜೊತೆಗೆ ಹೇಳುತ್ತಿದ್ದೆ.

"ಮೆಣಸು ಕುಯ್ಯೋರಿಗೆ ಬರ್ದಂಗಿದೆ" ಎಂದರು ಆಕೆ. ಏಣಿ ಹತ್ತಿ ಬಳ್ಳಿಯಿಂದ ಕುಯ್ಯುವ ಕೆಲಸ ಇನ್ನೂ ಮೂರು ವಾರ ಇದೆಯಂತೆ, ಮೊಣಕಾಲು ಕೇಳುವುದಿಲ್ಲವಂತೆ. ಹೋಗಿ ಮನೆಯಿಂದ ಒಂದು ಹಿಡಿ ಮೆಣಸು ಕಾಗದದಲ್ಲಿ ಕಟ್ಟಿ ತಂದುಕೊಟ್ಟರು. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಅತ್ತಿ ಆಕೆಯ ಜಗಲಿಯ ಮೇಲೆ ಕಾಲು ಚಾಚಿ ಕೂತರು, ನಾನು ಪಾದ ಒತ್ತತೊಡಗಿದೆ.